ಒಮ್ಮೆ ನಿಂತ ಎಂಜಿನ್ ಏನನ್ನು ಸಾಬೀತುಪಡಿಸಿತು?

ವಾಡಿ, ಚಿತ್ತಾಪುರ, ಸೇಡಂ ಹಾದು ವಿಕಾರಾಬಾದಿಗೆ ಹೋಗುವ ರೈಲು ಮಾರ್ಗವು ರೈಲುಗಳ ಡಿಕ್ಕಿ ತಡೆಯುವ ‘ಕವಚ್’ ರಕ್ಷಣಾ ವ್ಯವಸ್ಥೆಯ ಮೊದಮೊದಲ ಪ್ರಯೋಗಗಳು ನಡೆದ ಮಾರ್ಗಗಳಲ್ಲೊಂದು. ಎಂಜಿನ್‌ನಲ್ಲೊಂದು ಕಂಪ್ಯೂಟರ್, ನಿಲ್ದಾಣಗಳಲ್ಲಿ ಒಂದೊಂದು, ಹಳಿಗಳ ಮಧ್ಯೆ ಆರ್‌ಎಫ್‌ಐಡಿ ಟ್ಯಾಗ್‌ಗಳು, ಇವುಗಳ ಮಾತುಕತೆಗೆ ರೇಡಿಯೊ. 2022ರ ಮಾರ್ಚ್ 4ರಂದು ಇದೇ ಮಾರ್ಗದ ಮುಂದುವರಿಕೆಯಲ್ಲಿ, ಗುಲ್ಲಗೂಡ–ಚಿಟಗಿದ್ದ ನಿಲ್ದಾಣಗಳ ನಡುವೆ, ರೈಲ್ವೆ ಸಚಿವರಿದ್ದ ಎಂಜಿನ್ ಎದುರಿನ ಎಂಜಿನ್‌ಗೆ 380 ಮೀಟರ್ ಇರುವಾಗಲೇ ತಾನಾಗಿ ನಿಂತಿತು. ಕಂಡದ್ದೇ ಪ್ರಮಾಣ ಎನ್ನುವವರಿಗೆ ಆ ವಿಡಿಯೊ ಸಾಕು: ‘ಸಾಬೀತಾಯಿತು!’

ಸಾಬೀತಾದದ್ದು ಆ ದಿನ, ಆ ಕ್ರಮದಲ್ಲಿ ಬಂದ ಸಂದೇಶಗಳಿಗೆ ವ್ಯವಸ್ಥೆ ಸರಿಯಾಗಿ ಸ್ಪಂದಿಸಿತು ಎಂಬುದಷ್ಟೇ. ತಲಾ 4 ಸ್ಥಿತಿಗಳಿರುವ 10 ಘಟಕಗಳನ್ನು ಕೂಡಿಸಿದರೆ 10,48,576 ಸಂಯೋಜನೆಗಳಾಗುತ್ತವೆ. ಅದರ ಮೇಲೆ ಸಂದೇಶ ತಡವಾಗಬಹುದು, ಕಳೆದುಹೋಗಬಹುದು, ಹಿಂದುಮುಂದಾಗಬಹುದು. ಇಷ್ಟನ್ನೂ ಹಳಿಯ ಮೇಲೆ ಓಡಿಸಿ ನೋಡಲು ಯಾರ ಆಯುಷ್ಯವೂ ಸಾಲದು.

ವ್ಯವಸ್ಥೆ ಹೇಗೆ ನಡೆಯಬೇಕೆಂಬುದನ್ನು ಗಣಿತದಷ್ಟು ಖಚಿತವಾಗಿ ಬರೆಯುವ ಫಾರ್ಮಲ್ ಸ್ಪೆಸಿಫಿಕೇಶನ್ ಭಾಷೆಗಳು ಬೇಕಾಗುವುದು ಇಲ್ಲಿ. ‘ನಿಲ್ದಾಣದ ಸಂಪರ್ಕ ತಪ್ಪಿದರೆ ಬೇಗ ಬ್ರೇಕ್ ಬೀಳಬೇಕು’ ಎಂಬ ವಾಕ್ಯ ಎಲ್ಲರಿಗೂ ಅರ್ಥವಾಗುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಬಗೆಯಲ್ಲಿ. ಬೇಗ ಎಂದರೆ ಎಷ್ಟು? ಯಾರ ಗಡಿಯಾರದಲ್ಲಿ? ಕೊನೆಯ ಸಂದೇಶ ಹೊರಟ ಗಳಿಗೆಯಿಂದಲೋ, ತಲುಪಿದ ಗಳಿಗೆಯಿಂದಲೋ? ರಾಜೀವ್ ಅಲೂರ್ ಮತ್ತು ಡೇವಿಡ್ ಡಿಲ್ 1990ರಲ್ಲಿ ಮುಂದಿಟ್ಟ ಟೈಮ್ಡ್ ಆಟೊಮ್ಯಾಟಾ ಎಂಬ, ಸ್ಥಿತಿಗಳ ಜೊತೆ ಗಡಿಯಾರಗಳೂ ಇರುವ ಮಾದರಿಯಲ್ಲಿ ಇಂಥ ನುಣುಚಾಟಕ್ಕೆ ಎಡೆಯಿಲ್ಲ. ಸಂದೇಶ ತಲುಪಿದಾಗಲೆಲ್ಲ ‘ಗ’ ಎಂಬ ಗಡಿಯಾರ ಸೊನ್ನೆಗೆ ಮರಳುತ್ತದೆ. ‘ಗ’ ಗೊತ್ತಾದ ಮಿತಿಯನ್ನು ಮುಟ್ಟಿದರೆ ‘ಓಟ’ದ ಸ್ಥಿತಿಯಲ್ಲಿ ಉಳಿಯುವಂತಿಲ್ಲ, ‘ಬ್ರೇಕ್’ ಸ್ಥಿತಿಗೆ ಹೋಗಲೇಬೇಕು. ಬಳಿಕ ‘ಉಪ್ಪಾಲ್’ನಂಥ ತಂತ್ರಾಂಶ ಆ ಮಾದರಿಯ ಎಲ್ಲ ಸಾಧ್ಯತೆಗಳನ್ನೂ ಜಾಲಾಡಿ, ನಿಯಮ ಮುರಿಯುವ ಒಂದೇ ಒಂದು ದಾರಿಯಿದ್ದರೂ ಹೆಜ್ಜೆಹೆಜ್ಜೆಯಾಗಿ ಬಿಡಿಸಿ ತೋರಿಸುತ್ತದೆ.

ಇದೆಲ್ಲ ಕಾಗದದ ಗಣಿತ ಎನ್ನುವವರು 1998ರಲ್ಲಿ ಶುರುವಾದ ಪ್ಯಾರಿಸ್ ಮೆಟ್ರೊದ 14ನೇ ಮಾರ್ಗವನ್ನು ನೋಡಬಹುದು. ಚಾಲಕರಿಲ್ಲದ ಆ ರೈಲುಗಳ ಸುರಕ್ಷತಾ ತಂತ್ರಾಂಶ ಸಿದ್ಧವಾದದ್ದು ‘ಬಿ’ ಎಂಬ ಫಾರ್ಮಲ್ ವಿಧಾನದಲ್ಲಿ. ಹೀಗೆ ಗಡುವಿಗೆ ಕಟ್ಟುಬಿದ್ದ ವ್ಯವಸ್ಥೆಗಳನ್ನು ‘ರಿಯಲ್ ಟೈಮ್’ ಎನ್ನುತ್ತಾರೆ. ರಿಯಲ್ ಟೈಮ್ ಎಂದರೆ ವೇಗ ಎಂಬ ಭ್ರಮೆಗೆ ಕಂಪ್ಯೂಟರ್ ವಿಜ್ಞಾನಿ ಜಾನ್ ಸ್ಟ್ಯಾಂಕೊವಿಚ್ 1988ರಲ್ಲೇ ಉತ್ತರ ಕೊಟ್ಟಿದ್ದಾರೆ: ಮುಖ್ಯವಾದದ್ದು ಗಡುವಿನ ಖಾತ್ರಿ.

ಎದುರು ದಿಕ್ಕಿನ ಮರುಳೂ ಉಂಟು. ಗಣಿತ ಒಪ್ಪಿದ ಮೇಲೆ ಅಪಘಾತವೇ ಆಗದಂತೆ! ಗಣಿತ ಒಪ್ಪುವುದು ಬರೆದಿಟ್ಟ ಊಹೆಗಳ ಮಿತಿಯಲ್ಲಿ. ‘ಸಿಗ್ನಲ್ ಮುಖ್ಯ ಹಳಿಗೆ ಕೊಟ್ಟಿದ್ದರೆ ಹಳಿ ಬದಲಿಸುವ ಪಾಯಿಂಟ್ ಕೂಡ ಅದಕ್ಕೇ ಕೂಡಿರುತ್ತದೆ’ ಎಂಬ ಊಹೆ 2023ರ ಜೂನ್ 2ರಂದು ಒಡಿಶಾದ ಬಹನಗಾ ಬಜಾರಿನಲ್ಲಿ ಸುಳ್ಳಾಯಿತು. ಸಿಗ್ನಲ್ ಸರ್ಕ್ಯೂಟ್ ಬದಲಿಸುವಾಗ ಆದ ತಪ್ಪಿನಿಂದ ಕೋರಮಂಡಲ್ ಎಕ್ಸ್‌ಪ್ರೆಸ್ ಪಕ್ಕದ ಲೂಪ್ ಹಳಿಗೆ ನುಗ್ಗಿ ಅಪಘಾತಕ್ಕೀಡಾಯಿತು. ಅಲ್ಲಿ ಕವಚ್ ಇರಲಿಲ್ಲ. ಇದ್ದಿದ್ದರೂ ಅದು ಅದೇ ಸಿಗ್ನಲ್ ವ್ಯವಸ್ಥೆಯ ಮಾತನ್ನೇ ನಂಬಬೇಕಿತ್ತು.