ವಾಯ್ ಲಿಪಿಯ ಒಂದು ಪ್ರಾಚೀನಾಕ್ಷರ ಮತ್ತು ಅದರ ಸಂಖ್ಯಾಸಂಕೇತ

ಪಶ್ಚಿಮ ಆಫ್ರಿಕದ ಲೈಬೀರಿಯ ಹಾಗೂ ಸಿಯೆರಾ ಲಿಯೋನ್ ದೇಶಗಳಲ್ಲಿ ನೆಲಸಿರುವ ವಾಯ್ ಜನರ ಲಿಪಿಯನ್ನು ಸುಮಾರು 1833ರಲ್ಲಿ ಮೊಮೊಲು ದುವಾಲು ಬುಕೆಲೆ ಎಂಬಾತನು ರೂಪಿಸಿದನು. ಎಡದಿಂದ ಬಲಕ್ಕೆ ಸಾಗುವ ಈ ಲಿಪಿಯಲ್ಲಿ ಸ್ವರವನ್ನು ವ್ಯಂಜನದಿಂದ ಬಿಡಿಸಿ ಬರೆಯುವ ಪದ್ಧತಿಯಿಲ್ಲ. ಕನ್ನಡದಲ್ಲಿ ಕಕಾರಕ್ಕೆ ಗುಡಿಸು ಕೂಡಿ ‘ಕಿ’ ಎಂದಾಗುತ್ತದೆ; ವಾಯ್ ಲಿಪಿಯಲ್ಲಾದರೋ ‘ಕ’, ‘ಕಿ’, ‘ಕು’ ಎಂಬ ಒಂದೊಂದು ಉಚ್ಚಾರಾಂಶಕ್ಕೂ ಪ್ರತ್ಯೇಕ ಆಕೃತಿಯುಂಟು.

ಗಣಕಯಂತ್ರವು ಅಕ್ಷರವನ್ನು ಸಂಖ್ಯಾರೂಪದಲ್ಲಿಯೇ ಸಂಗ್ರಹಿಸುತ್ತದೆ. ಆದುದರಿಂದ ಯೂನಿಕೋಡ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ನಿಯಮಿಸಲಾಗಿದೆ. 2008ರ 5.1ನೆಯ ಆವೃತ್ತಿಯಲ್ಲಿ ವಾಯ್ ಲಿಪಿಗೆ 42240ರಿಂದ 42559ರವರೆಗಿನ 320 ಸ್ಥಾನಗಳು ಮೀಸಲಾದವು. ಅವುಗಳಲ್ಲಿ 300 ಭರ್ತಿಯಾಗಿವೆ. ಈ ಸಂಖ್ಯೆಯು ಅಕ್ಷರಕ್ಕೆ ಸಲ್ಲುವುದೇ ಹೊರತು ಲಿಪಿಕಾರನ ಕೈಬರಹದ ವೈಖರಿಗಲ್ಲ. ಹಾಗಿರಲು, ಒಂದು ರೂಪಭೇದವು ಕೇವಲ ಕೈಬರಹದ ವಿಶೇಷವೋ, ಸ್ವತಂತ್ರಾಕ್ಷರವೋ ಎಂಬುದನ್ನು ಮೊದಲು ನಿರ್ಣಯಿಸಬೇಕಾಗುತ್ತದೆ.

1962ರಲ್ಲಿ ಲೈಬೀರಿಯ ವಿಶ್ವವಿದ್ಯಾನಿಲಯದಲ್ಲಿ ವಾಯ್ ಅಕ್ಷರಮಾಲೆಯನ್ನು ಕ್ರಮಬದ್ಧಗೊಳಿಸಲಾಯಿತು. ಆದರೆ 19ನೆಯ ಶತಮಾನದ ‘ನ್‌ಡೋಲೆ ಪುಸ್ತಕ’ವೆಂಬ ಹಸ್ತಪ್ರತಿಯಲ್ಲಿ ಈಗ ಬಳಕೆಯಲ್ಲಿಲ್ಲದ ಕೆಲವು ರೂಪಗಳಿವೆ. ಅವುಗಳಲ್ಲೊಂದಾದ ‘ಫ’ ಎಂಬ ಉಚ್ಚಾರಾಂಶದ ಪ್ರಾಚೀನರೂಪಕ್ಕೆ ಪ್ರಚಲಿತ ‘ಫ’ದ ಸಂಖ್ಯೆಯನ್ನೇ ಕೊಡದೆ, ‘ನ್‌ಡೋಲೆ ಫ’ ಎಂಬ ಹೆಸರಿನಿಂದ 42512ನೆಯ ಸ್ಥಾನವನ್ನು ಬೇರೆಯಾಗಿಯೇ ಕೊಡಲಾಗಿದೆ. ಉಚ್ಚಾರವೊಂದೇ ಎಂದು ಎರಡನ್ನೂ ಒಂದುಗೂಡಿಸಿದ್ದರೆ, ಗಣಕದ ಪ್ರತಿಯಿಂದ ಮೂಲದ ಲಿಪಿಸ್ಥಿತಿಯನ್ನು ತಿಳಿಯುವುದು ಅಶಕ್ಯವಾಗುತ್ತಿತ್ತು.

ಹಳಗನ್ನಡದ ಜೈನ ಕೃತಿಗಳ ಪರಿಷ್ಕರಣದಲ್ಲಿ ತೊಡಗಿದವರಿಗೆ ಈ ವಿಚಾರವು ಅಪರಿಚಿತವಲ್ಲ. ಈಚಿನ ಓಲೆಗಳಲ್ಲಿ ೞಕಾರವಿರಬೇಕಾದೆಡೆ ಲಿಪಿಕಾರರು ಳಕಾರವನ್ನು ಬರೆದಿರುವುದುಂಟು. ಅಂತಹ ಪ್ರತಿಯೊಂದೇ ಉಳಿದಲ್ಲಿ ಸಂಪಾದಕನು ಪ್ರಾಸವನ್ನೋ ಶಾಸನಪ್ರಯೋಗವನ್ನೋ ಆಶ್ರಯಿಸಿ ಮೂಲವನ್ನು ಊಹಿಸಬೇಕಾಗುತ್ತದೆ. ಯೂನಿಕೋಡಿನಲ್ಲಿ ೞಕಾರಕ್ಕೆ 3294ನೆಯ ಸ್ಥಾನವು ದೊರೆತಿದೆಯಾದರೂ, ಪ್ರಮಾದವಶಾತ್ ಅದಕ್ಕೆ ‘ಫ’ ಎಂಬ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಆ ವ್ಯವಸ್ಥೆಯ ನಿಯಮ. ಆದಕಾರಣ ತಪ್ಪನ್ನು ಟಿಪ್ಪಣಿಯಲ್ಲಿ ಸೂಚಿಸಲಾಗಿದೆ.

ಇವೆರಡು ನಿದರ್ಶನಗಳಿಂದ ಒಂದು ಅಂಶವು ಸ್ಪಷ್ಟವಾಗುತ್ತದೆ. ಹೆಸರಿನ ದೋಷವು ಟಿಪ್ಪಣಿಯಿಂದ ಪರಿಹಾರವಾಗಬಲ್ಲುದು, ಏಕೆಂದರೆ ಅಕ್ಷರವು ತನ್ನ ಸ್ಥಾನದಲ್ಲಿ ಉಳಿದೇ ಇರುತ್ತದೆ. ಎರಡು ಅಕ್ಷರಗಳನ್ನು ಒಂದಾಗಿಸಿದ ದೋಷಕ್ಕಾದರೋ ಮೂಲ ಹಸ್ತಪ್ರತಿಯ ಹೊರತು ಅನ್ಯ ಪ್ರಮಾಣವಿಲ್ಲ. ಓಲೆಯ ಪಾಠವನ್ನು ಗಣಕಕ್ಕೆ ಇಳಿಸುವವರು ಮೊದಲು ಅದರಲ್ಲಿರುವ ಭೇದಗಳನ್ನೆಲ್ಲ ಇದ್ದಂತೆಯೇ ಉಳಿಸಿಕೊಂಡು, ಏಕರೂಪತೆಯ ವಿಚಾರವನ್ನು ಅನಂತರಕ್ಕೆ ಬಿಡುವುದು ಯುಕ್ತ.