ಮಾತು ಕೊಡಲು ಹೆದರಿದ ದೇಶ

1941ರ ಆಗಸ್ಟ್ 12. ಅಮೆರಿಕದ ಪ್ರತಿನಿಧಿ ಸಭೆಯ ಮುಂದೆ ಒಂದು ಮಸೂದೆ ಇತ್ತು. ಹಿಂದಿನ ವರ್ಷ ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸಿಕೊಂಡ ಹುಡುಗರನ್ನು ಅವರ ಒಂದು ವರ್ಷದ ಅವಧಿ ಮುಗಿದ ಮೇಲೂ ಉಳಿಸಿಕೊಳ್ಳಬೇಕೇ ಬೇಡವೇ ಎಂಬುದು ಪ್ರಶ್ನೆ. ಅಷ್ಟು ಹೊತ್ತಿಗೆ ಫ್ರಾನ್ಸ್ ಸೋತು ವರ್ಷ ದಾಟಿತ್ತು, ಹಿಟ್ಲರನ ಸೈನ್ಯ ರಷ್ಯಾದೊಳಗೆ ನುಗ್ಗಿತ್ತು. ಆದರೂ ಮಸೂದೆ ಗೆದ್ದದ್ದು 203ಕ್ಕೆ 202ರಲ್ಲಿ, ಒಂದೇ ಒಂದು ಮತದಿಂದ. ಯಾರಾದರೂ ಮನಸ್ಸು ಬದಲಿಸುವ ಮೊದಲೇ ಸ್ಪೀಕರ್ ಸ್ಯಾಮ್ ರೇಬರ್ನ್ ಫಲಿತಾಂಶ ಘೋಷಿಸಿಬಿಟ್ಟರು. ಸೇನಾ ಶಿಬಿರಗಳ ಗೋಡೆಗಳ ಮೇಲೆ ಹುಡುಗರು ‘ಓ.ಎಚ್.ಐ.ಓ.’ ಎಂದು ಗೀಚುತ್ತಿದ್ದರು. ಅಕ್ಟೋಬರ್ ಬಂದರೆ ಹೇಳದೆ ಕೇಳದೆ ಮನೆಗೆ ಓಡುತ್ತೇವೆ ಎಂಬ ಬೆದರಿಕೆಯ ಗುರುತು ಅದು. ಪರ್ಲ್ ಹಾರ್ಬರಿನ ಮೇಲೆ ಜಪಾನಿನ ಬಾಂಬು ಬೀಳಲು ಇನ್ನು ನಾಲ್ಕು ತಿಂಗಳೂ ಇರಲಿಲ್ಲ.

ಪದವಿ ತರಗತಿಗಳಿಗೆ ಇತಿಹಾಸ ಹೇಳುತ್ತಿದ್ದ ಕಾಲದಲ್ಲಿ ನಾನು 203, 202 ಎಂಬ ಈ ಎರಡು ಸಂಖ್ಯೆಗಳನ್ನು ಬೋರ್ಡಿನ ಮೇಲೆ ಬರೆದರೆ ವಿದ್ಯಾರ್ಥಿಗಳು ನಂಬುತ್ತಲೇ ಇರಲಿಲ್ಲ. ಅವರಿಗೆ ಗೊತ್ತಿದ್ದದ್ದು ಇರಾಕಿನ ಮೇಲೆ ಬಾಂಬು ಸುರಿದ ಅಮೆರಿಕ. ‘ಅಷ್ಟು ದೊಡ್ಡ ದೇಶಕ್ಕೆ ಎಂಥ ಭಯ ಸಾರ್?’ ಎಂದು ಕೇಳುತ್ತಿದ್ದರು. ಯುದ್ಧದ ಭಯಕ್ಕಿಂತ ಹೆಚ್ಚಾಗಿ, ಮಾತು ಕೊಟ್ಟು ಸಿಕ್ಕಿಹಾಕಿಕೊಳ್ಳುವ ಭಯ ಎಂಬುದು ನನ್ನ ಉತ್ತರ. ಈಗಲೂ ಅದನ್ನೇ ಹೇಳುತ್ತೇನೆ.

ಆ ಭಯಕ್ಕೆ ಗಣರಾಜ್ಯದಷ್ಟೇ ವಯಸ್ಸು. ಶಾಶ್ವತ ಮೈತ್ರಿಗಳಿಂದ ದೂರವಿರಿ ಎಂದು ಜಾರ್ಜ್ ವಾಷಿಂಗ್ಟನ್ 1796ರ ತಮ್ಮ ವಿದಾಯ ಸಂದೇಶದಲ್ಲಿ ಎಚ್ಚರಿಸಿದರು. 1801ರಲ್ಲಿ ಅಧ್ಯಕ್ಷ ಜೆಫರ್ಸನ್ ಅದನ್ನೇ ಇನ್ನಷ್ಟು ಖಡಕ್ಕಾಗಿ ಹೇಳಿದರು. ಹಾಗೆಂದು ಅಮೆರಿಕ ತನ್ನ ಪಾಡಿಗೆ ತಾನು ಮನೆಯಲ್ಲಿ ಕೂತಿತ್ತು ಅಂದುಕೊಳ್ಳಬಾರದು. 1898ರಲ್ಲಿ ಅದು ಸ್ಪೇನಿನಿಂದ ಫಿಲಿಪ್ಪೀನ್ಸ್ ಕಿತ್ತುಕೊಂಡಿತು. 1915ರಿಂದ 1934ರವರೆಗೆ ಹೈಟಿಯನ್ನು ಅದರ ಸೈನ್ಯ ಆಕ್ರಮಿಸಿಕೊಂಡಿತ್ತು. ಈ ದೂರ ಉಳಿಯುವ ನೀತಿಯನ್ನು ಯಾರಾದರೂ ಸಾಧುತನ ಎಂದರೆ ನಾನು ಒಪ್ಪಲಾರೆ. ದೂರವೆಲ್ಲ ಯುರೋಪಿನಿಂದ ಮಾತ್ರ. ಬಡದೇಶಗಳ ಅಂಗಳಕ್ಕೆ ಕಾಲಿಡಲು ಯಾವ ಅಳುಕೂ ಇರಲಿಲ್ಲ.

ಮೊದಲ ಮಹಾಯುದ್ಧ ಮುಗಿದಾಗ ಮಾತು ಕೊಡುವ ಪ್ರಸಂಗ ನಿಜವಾಗಿ ಬಂತು. ಅಧ್ಯಕ್ಷ ವುಡ್ರೋ ವಿಲ್ಸನ್ ಪ್ಯಾರಿಸ್ಸಿನಿಂದ ರಾಷ್ಟ್ರಗಳ ಸಂಘದ ಒಪ್ಪಂದ ತಂದರು. ಅದರ ಹತ್ತನೆಯ ವಿಧಿಯ ಪ್ರಕಾರ ಸದಸ್ಯ ದೇಶದ ನೆಲದ ಮೇಲೆ ದಾಳಿಯಾದರೆ ಉಳಿದವರೆಲ್ಲ ಅದರ ಬೆನ್ನಿಗೆ ನಿಲ್ಲಬೇಕು. ಕಾಂಗ್ರೆಸ್ಸಿನ ಅಪ್ಪಣೆಯಿಲ್ಲದೆ ಅಂಥ ಹೊಣೆ ನಮಗೆ ಬೇಡ ಎಂದು ಸೆನೆಟರ್ ಹೆನ್ರಿ ಕ್ಯಾಬಟ್ ಲಾಡ್ಜ್ ಷರತ್ತು ಹಾಕಿದರು. ವಿಲ್ಸನ್ ಒಪ್ಪಲಿಲ್ಲ. ಜನರನ್ನೇ ಕೇಳುತ್ತೇನೆಂದು ರೈಲು ಹತ್ತಿ ಊರೂರು ಸುತ್ತಿದರು. 1919ರ ಸೆಪ್ಟೆಂಬರಿನಲ್ಲಿ ಕೊಲೊರಾಡೊದ ಪ್ಯೂಬ್ಲೊದಲ್ಲಿ ಭಾಷಣ ಮುಗಿಸಿದ ಮೇಲೆ ಕುಸಿದರು. ವಾಷಿಂಗ್ಟನ್ನಿಗೆ ಮರಳಿದ ಕೆಲವೇ ದಿನಗಳಲ್ಲಿ ಪಾರ್ಶ್ವವಾಯು ಬಡಿಯಿತು. ಹಾಸಿಗೆ ಹಿಡಿದರೂ ಹಟ ಬಿಡಲಿಲ್ಲ. ಷರತ್ತು ಹಾಕಿದ ಒಪ್ಪಂದವನ್ನು ಸೋಲಿಸಿ ಎಂದು ಸ್ವಂತ ಪಕ್ಷದವರಿಗೇ ಹೇಳಿ ಕಳಿಸಿದರು. 1920ರ ಮಾರ್ಚ್ 19ರಂದು ಪರವಾಗಿ 49 ಮತ, ವಿರುದ್ಧ 35. ಒಪ್ಪಂದಕ್ಕೆ ಮೂರರಲ್ಲಿ ಎರಡು ಪಾಲು ಮತ ಬೇಕಿತ್ತು. ಏಳು ಕಡಿಮೆ ಬಿದ್ದವು. ಈ ಸೋಲಿಗೆ ಲಾಡ್ಜ್ ಒಬ್ಬರನ್ನೇ ಹೊಣೆ ಮಾಡುವ ಪುಸ್ತಕಗಳನ್ನು ಓದಿದಾಗ ನನಗೆ ಬೇಸರವಾಗುತ್ತದೆ. ತಾನೇ ಹೊತ್ತು ಹೆತ್ತ ಕೂಸಿನ ಕತ್ತನ್ನು ವಿಲ್ಸನ್ ಕೂಡ ಅಮುಕಿದರು.

ಇನ್ನು ನನಗೆ ಬಹಳ ಮೆಚ್ಚಿನ ಮನುಷ್ಯನ ವಿಷಯ. ಆರ್ಥರ್ ವ್ಯಾಂಡೆನ್‌ಬರ್ಗ್ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್ ಪಟ್ಟಣದ ಪತ್ರಿಕಾ ಸಂಪಾದಕ. 1928ರಲ್ಲಿ ಸೆನೆಟ್ಟಿಗೆ ಬಂದವರು. ಮೊದಲ ಯುದ್ಧದಲ್ಲಿ ಅಮೆರಿಕದ ಒಂದು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತಿದ್ದರು. ಆ ಸಾವುಗಳಿಂದ ಶಸ್ತ್ರ ಮಾರುವವರು, ಸಾಲ ಕೊಟ್ಟ ಬ್ಯಾಂಕುಗಳು ಲಾಭ ಮಾಡಿಕೊಂಡರೇ ಎಂದು ತನಿಖೆ ಮಾಡಿದ ಸೆನೆಟ್ ಸಮಿತಿಯಲ್ಲಿ ಇವರೂ ಇದ್ದರು. ಯುದ್ಧದಲ್ಲಿರುವ ದೇಶಗಳಿಗೆ ಶಸ್ತ್ರ ಮಾರಬಾರದೆಂಬ 1930ರ ದಶಕದ ತಟಸ್ಥತೆಯ ಕಾನೂನುಗಳು ಹುಟ್ಟಿದ್ದು ಆ ಸಿಟ್ಟಿನಿಂದ. 1941ರಲ್ಲಿ ಬ್ರಿಟನ್ನಿಗೆ ಶಸ್ತ್ರಾಸ್ತ್ರ ಕಡ ಕೊಡುವ ಅಧ್ಯಕ್ಷ ರೂಸ್‌ವೆಲ್ಟ್ ಯೋಜನೆಗೂ ವ್ಯಾಂಡೆನ್‌ಬರ್ಗ್ ಬೇಡ ಎಂದೇ ಮತ ಹಾಕಿದರು. ಅವರನ್ನು ಹೇಡಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಹೆಣಗಳ ಲೆಕ್ಕ ಮರೆಯದವರ ನಿಲುವು ಅದು.

ಅದೇ ಮನುಷ್ಯ 1945ರ ಜನವರಿ 10ರಂದು ಸೆನೆಟ್ಟಿನಲ್ಲಿ ಎದ್ದು ನಿಂತು, ಸಾಗರಗಳು ಇನ್ನು ನಮ್ಮನ್ನು ಕಾಯುವ ಕಂದಕಗಳಲ್ಲ, ಯಾವ ದೇಶವೂ ಇನ್ನು ತನ್ನನ್ನು ತಾನೊಂದೇ ಕಾಪಾಡಿಕೊಳ್ಳಲಾರದು ಎಂಬರ್ಥದ ಮಾತಾಡಿದರು. ಕೆಲವೇ ತಿಂಗಳಲ್ಲಿ ವಿಶ್ವಸಂಸ್ಥೆಯ ಸನ್ನದು ರೂಪಿಸುವ ಅಮೆರಿಕದ ನಿಯೋಗದಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದರು. (ಅಲ್ಲಿ ಭಾರತದ ನಿಯೋಗದ ಮುಂದಾಳಾಗಿದ್ದ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು ಮರುವರ್ಷ ಮೈಸೂರಿನ ದಿವಾನರಾದರು.) ಆ ಸನ್ನದಿಗೆ ಸೆನೆಟ್ ಕೊಟ್ಟ ಮತ 89ಕ್ಕೆ 2. ಕಾಲು ಶತಮಾನದ ಹಿಂದೆ ವಿಲ್ಸನ್ನರಿಗೆ ಸಿಗದೆ ಹೋದದ್ದು ಇದೇ ಸಭೆಯಲ್ಲಿ.

1947ರಲ್ಲಿ ವ್ಯಾಂಡೆನ್‌ಬರ್ಗ್ ವಿದೇಶಾಂಗ ಸಮಿತಿಯ ಅಧ್ಯಕ್ಷರಾದರು. ಅವರದು ರಿಪಬ್ಲಿಕನ್ ಪಕ್ಷ, ಅಧ್ಯಕ್ಷ ಟ್ರೂಮನ್‌ರದು ಡೆಮಾಕ್ರಟಿಕ್. ಆದರೂ ಗ್ರೀಸ್ ಮತ್ತು ಟರ್ಕಿಗೆ 40 ಕೋಟಿ ಡಾಲರ್ ನೆರವು, ಅದರ ಬೆನ್ನಿಗೇ ಯುರೋಪನ್ನು ಮತ್ತೆ ಕಟ್ಟುವ ಮಾರ್ಷಲ್ ಯೋಜನೆ, ಎರಡನ್ನೂ ಅವರು ಸೆನೆಟ್ಟಿನಲ್ಲಿ ದಾಟಿಸಿದರು. ಅಮೆರಿಕ ಜಗತ್ತಿನ ದೊಡ್ಡಣ್ಣ ಆದದ್ದು ಬಾಂಬಿನಿಂದ ಎಷ್ಟೋ, ಈ ಮತಗಳಿಂದಲೂ ಅಷ್ಟೇ.

ಆದರೆ ಯುರೋಪಿಗೆ ಸಿಕ್ಕ ಆ ಮಾತು ಎಲ್ಲರಿಗೂ ಸಿಗಲಿಲ್ಲ, ನಮಗೆ ಸಿಕ್ಕದ್ದು ನೆರವು ಮಾತ್ರ. ನನ್ನ ವಯಸ್ಸಿನವರು ಸರ್ಕಾರಿ ಶಾಲೆಯಲ್ಲಿ ತಿಂದ ಹಳದಿ ಉಪ್ಪಿಟ್ಟು, ಲೋಟ ಹಿಡಿದು ಸಾಲಿನಲ್ಲಿ ನಿಂತು ಕುಡಿದ ಹಾಲಿನ ಪುಡಿಯ ಹಾಲು, ಎರಡೂ ಬರುತ್ತಿದ್ದದ್ದು ಅಮೆರಿಕದಿಂದ. ಆ ಉಪ್ಪಿಟ್ಟಿನ ರುಚಿ ನನಗೆ ಈಗಲೂ ಇಷ್ಟ, ಅದನ್ನು ಕಳಿಸಿದ ರೈತರ ಋಣ ನನ್ನ ಮೇಲಿದೆ. ಆದರೆ 1965ರ ನಂತರದ ಬರಗಾಲದಲ್ಲಿ ಅಧ್ಯಕ್ಷ ಜಾನ್ಸನ್ ಭಾರತಕ್ಕೆ ಗೋಧಿಯ ಹಡಗುಗಳನ್ನು ತಿಂಗಳ ಲೆಕ್ಕದಲ್ಲಿ ಅಳೆದಳೆದು ಬಿಟ್ಟರು. ಕೃಷಿ ನೀತಿ ಬದಲಿಸಿ ಎಂಬ ಒತ್ತಡ ಒಂದು ಕಡೆ, ವಿಯೆಟ್ನಾಂ ಯುದ್ಧವನ್ನು ದೆಹಲಿ ಟೀಕಿಸಿದ ಸಿಟ್ಟು ಇನ್ನೊಂದು ಕಡೆ. ಯಾವ ಒಪ್ಪಂದವೂ ಇಲ್ಲದ ಕಡೆ ದೊಡ್ಡ ದೇಶದ ಕೈ ಎಷ್ಟು ಸಲೀಸಾಗಿ ಬಿಗಿಯುತ್ತದೆ, ಸಡಿಲುತ್ತದೆ ಎಂಬುದನ್ನು ನಮ್ಮ ದೇಶ ಹೊಟ್ಟೆಯಿಂದ ಕಲಿತಿದೆ. ಅದಕ್ಕೇ ದೂರ ಉಳಿಯುವ ಅಮೆರಿಕಕ್ಕಿಂತ, ಮಾತು ಕೊಡದೆ ಹತ್ತಿರ ಬರುವ ಅಮೆರಿಕ ನನಗೆ ಹೆಚ್ಚು ಅಂಜಿಕೆ ತರುತ್ತದೆ.

ಯುರೋಪಿಗೆ ಕೊಟ್ಟ ಮಾತಿನಲ್ಲೂ ಹಳೆಯ ಭಯ ಉಳಿದೇ ಇತ್ತು. 1949ರ ನ್ಯಾಟೊ ಒಪ್ಪಂದದ ಐದನೆಯ ವಿಧಿ ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎನ್ನುತ್ತದೆ. ಆದರೆ ಯುದ್ಧಕ್ಕೆ ತಾನಾಗಿಯೇ ಎಳೆದುಕೊಂಡು ಹೋಗುವ ಯಾವ ಪದವೂ ಕೂಡದೆಂದು ವ್ಯಾಂಡೆನ್‌ಬರ್ಗ್ ಮತ್ತು ಸೆನೆಟರ್ ಟಾಮ್ ಕಾನಲಿ ಪಟ್ಟು ಹಿಡಿದರು. ಹೀಗಾಗಿ ಪ್ರತಿ ದೇಶವೂ ತನಗೆ ಅಗತ್ಯವೆಂದು ತೋರಿದ ಕ್ರಮ ಕೈಗೊಳ್ಳುತ್ತದೆ ಎಂದು ಬರೆಯಲಾಯಿತು. ಲಾಡ್ಜ್ ಕೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಸೆನೆಟ್ 82ಕ್ಕೆ 13ರಲ್ಲಿ ಒಪ್ಪಿತು. 2001ರಲ್ಲಿ ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದ ಮರುದಿನ ಆ ವಿಧಿ ಮೊದಲ ಬಾರಿಗೆ ಜಾರಿಗೆ ಬಂತು, ಅದೂ ಅಮೆರಿಕದ ರಕ್ಷಣೆಗಾಗಿ. ಮುಂದೆ ಅಫ್ಘಾನಿಸ್ತಾನಕ್ಕೆ ಸೈನ್ಯ ಕಳಿಸಿದ ಪುಟ್ಟ ಡೆನ್ಮಾರ್ಕ್ ಅಲ್ಲಿ ನಲವತ್ತಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು.