ಫೋಟೋದ ಮೇಲೆ ಮಚ್ಚೆ ಬಿದ್ದರೆ

ಕನ್ನಡದಲ್ಲಿ ಮಚ್ಚೆ, ತೆಲುಗಿನಲ್ಲಿ ಮಚ್ಚ. ಮಾತೂ ಒಂದೇ, ತಲೆನೋವೂ ಒಂದೇ. ಆದೋನಿ, ರಾಯದುರ್ಗ, ಮಡಕಶಿರಾ ಸೀಮೆಯ ಹಳ್ಳಿಗಳಲ್ಲಿ ಈಗ ಹುಡುಗರು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡು ಮದುವೆ, ಜಾತ್ರೆಗಳಿಗೆ ಫೋಟೋ ತೆಗೆಯಲು ಹೊರಟಿದ್ದಾರೆ. ಒಕ್ಕಲುತನದ ಜೊತೆಗೆ ನಾಲ್ಕು ಕಾಸು ಬರಲಿ ಅಂತ. ಆದರೆ ಮದುಮಗಳ ಹಣೆಯ ಮೇಲೆ ಕರೀ ಚುಕ್ಕಿ ಬಿದ್ದ ಫೋಟೋಕ್ಕೆ ದುಡ್ಡು ಕೊಡುವವರಾರು? ತಾಳಿಯನ್ನು ಮತ್ತೊಮ್ಮೆ ಕಟ್ಟಿಸೋಕೆ ಆದೀತೇ? ಗಾಬರಿಯಾಗಿ ರಿಪೇರಿ ಅಂಗಡಿಗೆ ಓಡುವ ಮೊದಲು ಮಚ್ಚೆಯ ಮೂಲ ತಿಳಿದುಕೊಳ್ಳುವುದು ಲೇಸು.

ಮೊದಲ ಗುಮಾನಿ ಧೂಳಿನ ಮೇಲೆ. ನಮ್ಮದು ಹತ್ತಿ, ಶೇಂಗಾ ಬೆಳೆಯುವ ನಾಡು. ಬೇಸಿಗೆಯಲ್ಲಿ ಗಾಳಿಯ ತುಂಬ ಧೂಳೇ. ಬಯಲಲ್ಲಿ ನಿಂತು ಲೆನ್ಸ್ ಬದಲಿಸಿದರೆ ಅದು ಒಳಗಿನ ಸೆನ್ಸರ್ ಮುಂದಿರುವ ಗಾಜಿನ ಮೇಲೆ ಹೋಗಿ ಕೂರುತ್ತದೆ. ಆಮೇಲೆ ಪ್ರತಿ ಫೋಟೋದಲ್ಲೂ ಅದೇ ಜಾಗದಲ್ಲಿ ಮಸುಕು ಚುಕ್ಕಿ. ಪರೀಕ್ಷೆ ಸುಲಭ. ಅಪರ್ಚರ್ ಎಫ್ 16 ಅಥವಾ 22ಕ್ಕೆ ಇಟ್ಟು ಬಿಳಿ ಗೋಡೆಯನ್ನೋ ಖಾಲಿ ಆಕಾಶವನ್ನೋ ತೆಗೆದರೆ ಚುಕ್ಕಿ ಎದ್ದು ಕಾಣುತ್ತದೆ. ಎಫ್ 2.8 ಅಥವಾ 4ಕ್ಕೆ ತಂದರೆ ಕರಗಿಹೋಗುತ್ತದೆ. ಬೇರೆ ಲೆನ್ಸ್ ಹಾಕಿದರೂ ಚುಕ್ಕಿ ಅಲ್ಲೇ ಇದ್ದರೆ ಧೂಳು ಸೆನ್ಸರ್ ಮೇಲೆಯೇ ಇದೆ ಎಂದು ತಿಳಿಯಿರಿ.

ತೆಗೆಯುವುದು ಹೇಗೆ? ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಕ್ಯಾಮೆರಾದ ಮೆನುವಿನಲ್ಲಿರುವ ಕ್ಲೀನಿಂಗ್ ಆಯ್ಕೆ ಒತ್ತಿ, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ರಬ್ಬರ್ ಬ್ಲೋವರ್‌ನಿಂದ ಗಾಳಿ ಹಾಕಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯಂತೂ ಬೇಡವೇ ಬೇಡ. ಅದರಲ್ಲಿ ಎಣ್ಣೆ, ನೀರಿನ ಪಸೆ ಇರುತ್ತದೆ. ಟವಲ್ ಚುಂಗಿನಿಂದ ಒರೆಸಿದರೆ ಗೀರು ಬಿದ್ದು ಸಾವಿರಾರು ರೂಪಾಯಿಗೆ ಕುತ್ತು.

ರಾತ್ರಿ ಜಾತ್ರೆಯ ಫೋಟೋದಲ್ಲಿ ಬಿಳೀ ಉಂಡೆಗಳು ತೇಲಿದರೆ ಕೆಲವರು ದೆವ್ವ ಅಂತಾರೆ, ಕೆಲವರು ದೇವರು ಅಂತಾರೆ. ಲೆನ್ಸ್ ಹತ್ತಿರ ಹಾರುವ ಧೂಳಿಗೋ ತುಂತುರು ಹನಿಗೋ ಫ್ಲ್ಯಾಷ್ ಬೆಳಕು ತಾಗಿದಾಗ ಹಾಗೆ ಕಾಣುತ್ತದೆ. ಫ್ಲ್ಯಾಷ್ ಲೆನ್ಸಿಗೆ ಅಂಟಿಕೊಂಡಂತಿರುವ ಸಣ್ಣ ಕ್ಯಾಮೆರಾ, ಮೊಬೈಲುಗಳಲ್ಲಿ ಇದು ಹೆಚ್ಚು. ಫ್ಲ್ಯಾಷ್ ದೂರವಿಟ್ಟರೆ ಉಂಡೆಗಳೂ ಮಾಯ.

ಸೂರ್ಯನಿಗೆ ಎದುರಾಗಿ ತೆಗೆದಾಗ ಬೀಳುವ ಬಣ್ಣದ ಬಿಲ್ಲೆಗಳು ಕ್ಯಾಮೆರಾ ತಿರುಗಿಸಿದಂತೆ ಜಾಗ ಬದಲಿಸುತ್ತವೆ. ಲೆನ್ಸಿಗೆ ಹುಡ್ ಹಾಕಿ, ಇಲ್ಲವೇ ಅಂಗೈ ಮರೆ ಹಿಡಿಯಿರಿ. ಕತ್ತಲಲ್ಲಿ ಹೆಚ್ಚು ಹೊತ್ತು ಷಟರ್ ತೆರೆದಾಗ ಕೆಂಪು, ನೀಲಿಯ ಸೂಜಿಮೊನೆಯಂಥ ಚುಕ್ಕಿ ಬಂದರೆ ಅದು ಸೆನ್ಸರಿನ ಬಿಂದು ಕಾವೇರಿದ್ದರಿಂದ, ಒರೆಸಿದರೆ ಹೋಗದು.

ಹಳೇ ಲೆನ್ಸ್ ಕೊಳ್ಳುವವರು ಟಾರ್ಚ್ ಬಿಟ್ಟು ಒಳಗೆ ನೋಡಬೇಕು. ಜೇಡರಬಲೆಯಂಥ ಎಳೆಗಳಿದ್ದರೆ ಅದು ಬೂಷ್ಟು. ಅಂಥ ಲೆನ್ಸಿನಲ್ಲಿ ಚಿತ್ರ ಮಬ್ಬಾಗುತ್ತದೆ. ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಮಳೆಗಾಲದಲ್ಲಿ ಕ್ಯಾಮೆರಾವನ್ನು ಟ್ರಂಕಿನಲ್ಲಿ ಮುಚ್ಚಿಡದೆ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಡಬ್ಬಿಯಲ್ಲಿಡಿ.

ಮೊಬೈಲಿನಲ್ಲಿ ಬೆಳೆ ಹಾನಿಯ ಫೋಟೋ ತೆಗೆಯುವ ರೈತರೂ ಲೆನ್ಸಿನ ಮೇಲಿನ ಬೆರಳಿನ ಜಿಡ್ಡನ್ನು ಮೆತ್ತನೆ ಬಟ್ಟೆಯಿಂದ ಒರೆಸಿಕೊಳ್ಳಲಿ. ಮಬ್ಬು ಫೋಟೋ ನೋಡಿ ಹಾನಿ ಎಷ್ಟೆಂದು ಯಾರು ಹೇಳಿಯಾರು?

ಬಿತ್ತುವ ಮೊದಲು ಬೀಜ ಆರಿಸಿ ನೋಡುವವರು ನಾವು. ಹಾಗೆಯೇ ಮದುವೆಯ ಹಿಂದಿನ ದಿನವೇ ಬಿಳಿ ಗೋಡೆಯ ಒಂದು ಫೋಟೋ ತೆಗೆದು, ದೊಡ್ಡದು ಮಾಡಿ ನೋಡಿರಿ. ಮಚ್ಚೆ ಗೋಡೆಯ ಮೇಲೆಯೇ ಸಿಕ್ಕಿಬೀಳಲಿ, ಮದುಮಗಳ ಹಣೆಯವರೆಗೆ ಹೋಗದಿರಲಿ.